ಕಲ್ಲಿಗೆ ಕಚ್ಚಿಕೊಂಡ ವಾಶ್‌ಬೇಸಿನ್ನನ್ನು ಒಡೆಯದೆ ತೆಗೆದ ಬಗೆ

ಮೈಸೂರಿನ ಕುವೆಂಪುನಗರದ ನಮ್ಮ ಮನೆಯ ಬಚ್ಚಲಿನಲ್ಲಿ, ಕಪ್ಪು ಗ್ರಾನೈಟ್ ಕಟ್ಟೆಯ ಮೇಲೆ ಕೂರಿಸಿದ್ದ ವಾಶ್‌ಬೇಸಿನ್ನಿನ ಅಂಚಿನಿಂದ ನೀರು ಜಿನುಗತೊಡಗಿ, ಕೆಳಗಿನ ಪ್ಲೈವುಡ್ ಕಪಾಟಿನ ತಳ ಉಬ್ಬಿಕೊಂಡಿತು. ಬೇಸಿನ್ನಿನಲ್ಲಿ ಬಿರುಕಿರಲಿಲ್ಲ, ಹಿಂಬದಿಯಲ್ಲಿ ಸಿಲಿಕಾನ್ ಅಂಟು ಒಂದೆಡೆ ಬಿಟ್ಟುಕೊಂಡಿತ್ತು. ಮೇಲೆತ್ತಿ, ಹಳೆಯದನ್ನು ಕೆರೆದು, ಹೊಸದಾಗಿ ಕೂರಿಸಿದರೆ ಮುಗಿಯುವ ಕೆಲಸ. ಆದರೆ ಅದು ಕಲ್ಲಿನಿಂದ ಕೂದಲೆಳೆಯಷ್ಟೂ ಅಲುಗಲಿಲ್ಲ.

ನೋಡಲು ಬಂದ ಪ್ಲಂಬರ್, "ಒಡೆದೇ ತೆಗೀಬೇಕು ಸಾರ್, ಬೇರೆ ದಾರಿ ಇಲ್ಲ" ಎಂದರು. ನಾನು ಒಪ್ಪಲಿಲ್ಲ. ಕಟ್ಟೆಯಲ್ಲಿ ಬೇಸಿನ್ನಿಗಾಗಿ ಕೊರೆದ ರಂಧ್ರದ ಮುಂದೆ ಉಳಿದಿರುವ ಕಲ್ಲು ಎರಡೂವರೆ ಅಂಗುಲ ಅಗಲದ ಪಟ್ಟಿ ಮಾತ್ರ. ಸುತ್ತಿಗೆಯ ಪೆಟ್ಟಿನ ಅದುರು ಮೊದಲು ತಾಕುವುದು ಅದಕ್ಕೇ, ಅದು ಸೀಳಿದರೆ ಇಡೀ ಕಟ್ಟೆಯನ್ನೇ ಬದಲಿಸಬೇಕಾಗುತ್ತದೆ. ಮೇಲಾಗಿ ರಂಧ್ರವನ್ನು ಈ ಬೇಸಿನ್ನಿನ ಅಳತೆಗೆ ಸರಿಯಾಗಿ ಕೊರೆದಿದ್ದರು. ಬೇರೆ ಅಳತೆಯದನ್ನು ತಂದರೆ ಕಲ್ಲನ್ನು ಮತ್ತೆ ಕತ್ತರಿಸಬೇಕು, ಇಲ್ಲವೇ ಸುತ್ತ ಸಂದು ಬಿಡಬೇಕು.

ಮೊದಲ ದಿನ ನಾನು ಮಾಡಿದ್ದು ತಪ್ಪು. ಅಂಚಿಗೆ ಬಿಸಿನೀರು ಸುರಿದು, ಉಳಿಯ ತುದಿಯನ್ನು ತೂರಿಸಿ ಮೀಟಲು ಹೊರಟಿದ್ದೆ. ಸಿಲಿಕಾನ್ ಕುದಿಯುವ ನೀರಿಗಿಂತ ಎಷ್ಟೋ ಹೆಚ್ಚಿನ ಶಾಖವನ್ನು ತಡೆಯುವ ವಸ್ತು. ಅದು ಕರಗುವುದಿಲ್ಲ, ಬದಲಿಗೆ ತಣ್ಣಗಿರುವ ಪಿಂಗಾಣಿಯೇ ಥಟ್ಟನೆ ಬಿಸಿಯಾಗಿ ಸೀಳುವ ಅಪಾಯವಿರುತ್ತದೆ. ಮೀಟುವುದು ಇನ್ನೂ ಕೆಟ್ಟದ್ದು. ಪಿಂಗಾಣಿ ಬಾಗುವುದಿಲ್ಲವಾದ್ದರಿಂದ, ಒಂದು ಬಿಂದುವಿನಲ್ಲಿ ಒತ್ತಡ ಬಿದ್ದರೆ ಅಲ್ಲಿಂದಲೇ ಒಡೆಯುತ್ತದೆ. ಅಂಚಿನಲ್ಲಿ ಅಕ್ಕಿಕಾಳಿನಷ್ಟು ಚಕ್ಕೆ ಎದ್ದೊಡನೆ ಕೈ ನಿಲ್ಲಿಸಿದೆ. ಎತ್ತುವುದಕ್ಕೆ ಮೊದಲು ಅಂಟನ್ನು ಪೂರ್ತಿ ಕತ್ತರಿಸಬೇಕು ಎಂಬುದು ಆಗ ಸ್ಪಷ್ಟವಾಯಿತು.

ಮರುದಿನ ಕೊಳಾಯಿಯ ಭಾಗದಿಂದ ಆರಂಭಿಸಿದೆ. ಬೇಸಿನ್ನಿನ ಕೆಳಗೆ ನೀರು ನಿಲ್ಲಿಸುವ ಆ್ಯಂಗಲ್ ಕಾಕ್ ಉಪ್ಪು ಕಟ್ಟಿ ಪೂರ್ತಿ ತಿರುಗದಿದ್ದುದರಿಂದ, ಅದಕ್ಕೆ ಬಲ ಹಾಕದೆ ತಾರಸಿಯ ಟ್ಯಾಂಕಿನ ವಾಲ್ವನ್ನೇ ಮುಚ್ಚಿ, ನಲ್ಲಿಯಲ್ಲಿ ಉಳಿದ ನೀರನ್ನು ಹರಿಯಬಿಟ್ಟೆ. ಕೆಳಗೆ ಬಕೆಟ್ ಇಟ್ಟು, ಕೊಳೆನೀರು ಹೋಗುವ ದಾರಿಯ ಬಾಟಲ್ ಟ್ರ್ಯಾಪನ್ನು ಕೈಯಿಂದಲೇ ಬಿಚ್ಚಿ, ಕನೆಕ್ಷನ್ ಪೈಪನ್ನು ಕಳಚಿದೆ. ಬಟ್ಟಲಿನ ತಳದ ತೂತಿಗೆ ಕೂರಿಸಿದ ವೇಸ್ಟ್ ಕಪ್ಲಿಂಗನ್ನು ಮಾತ್ರ ಬೇಸಿನ್ನಿನಲ್ಲೇ ಬಿಟ್ಟೆ. ಅದು ಕಲ್ಲಿನ ರಂಧ್ರದ ಮೂಲಕ ಸಲೀಸಾಗಿ ಮೇಲೆ ಬರುತ್ತದೆ, ಅಂಟಿಕೊಂಡಿರುವ ಬೇಸಿನ್ನಿನ ಮೇಲೆ ಪೈಪ್ ರೆಂಚ್ ಹಾಕಿ ತಿರುಚುವ ಅಗತ್ಯವೇ ಇಲ್ಲ.

ಅಂಚಿನ ಹೊರಗೆ ಕಾಣುವ ಸಿಲಿಕಾನನ್ನು ಕಟರ್ ಬ್ಲೇಡಿನಿಂದ ಸುತ್ತಲೂ ಕುಯ್ದೆ. ಆದರೆ ಬೇಸಿನ್ನಿನ ತುಟಿ ಕಲ್ಲಿನ ಮೇಲೆ ಸುಮಾರು ಒಂದೂವರೆ ಅಂಗುಲ ಒಳಗಿನವರೆಗೂ ಕುಳಿತಿತ್ತು, ಬ್ಲೇಡ್ ಅಷ್ಟು ದೂರ ಹೋಗದು. ಅಲ್ಲಿಗೆ ಬೇಕಾದದ್ದು ತಂತಿ. ನನ್ನ ಮಗಳು ವೀಣೆ ಕಲಿಯುತ್ತಿರುವುದರಿಂದ, ಬದಲಿಸಿ ತೆಗೆದಿಟ್ಟ ಉಕ್ಕಿನ ಸಾರಣಿ ತಂತಿ ಮನೆಯಲ್ಲೇ ಇತ್ತು. ಎರಡು ತುದಿಗೂ ಪೊರಕೆಕೋಲಿನ ತುಂಡುಗಳನ್ನು ಹಿಡಿಯಾಗಿ ಕಟ್ಟಿ, ಗೋಡೆಗೆ ಪುಟ್ಟಿ ಬಳಿಯುವ ತೆಳು ತಗಡಿನಿಂದ ಒಂದು ಮೂಲೆಯಲ್ಲಿ ಸಂದು ಮಾಡಿ ತಂತಿಯನ್ನು ತೂರಿಸಿ, ಗರಗಸದಂತೆ ಎಡಕ್ಕೂ ಬಲಕ್ಕೂ ಎಳೆಯುತ್ತಾ ಒಳಕ್ಕೆ ತಂದೆ. ತಂತಿ ಬಟ್ಟಲಿನ ಗೋಡೆಗೆ ತಾಗಿದಾಗ ಆ ಬದಿ ಬಿಟ್ಟಿತೆಂದು ಅರ್ಥ. ವೇಗವಾಗಿ ಎಳೆದರೆ ತಂತಿ ಕಾದು ತುಂಡಾಗುತ್ತದೆ. ಎರಡು ತುಂಡಾದವು, ಮೂರನೆಯದನ್ನು ನಿಧಾನವಾಗಿ ಎಳೆದೆ. ಕೈಗವಸು ಮತ್ತು ಕನ್ನಡಕ ಇಲ್ಲದೆ ಇದನ್ನು ಯಾರೂ ಮಾಡಬಾರದು.

ಮುಂಬದಿ ಮತ್ತು ಎರಡು ಪಕ್ಕಗಳು ಒಂದು ಗಂಟೆಯಲ್ಲಿ ಬಿಟ್ಟವು. ಹಿಂಬದಿ ಬಿಡಲಿಲ್ಲ. ಕಪಾಟಿನೊಳಗೆ ಅಂಗಾತ ಮಲಗಿ ಟಾರ್ಚ್ ಹಾಕಿದಾಗ ಕಾರಣ ಕಂಡಿತು: ಹಿಂದೆ ಕೂರಿಸಿದವರು ಕಲ್ಲಿಗೂ ಬಟ್ಟಲಿಗೂ ನಡುವಿನ ಸಂದಿಗೆ ಬಿಳಿ ಸಿಮೆಂಟ್ ತುಂಬಿದ್ದರು. ಇಷ್ಟು ದೊಡ್ಡ ಅಡಚಣೆಯನ್ನು ನಾನು ಮೊದಲ ದಿನವೇ ಕೆಳಗಿನಿಂದ ನೋಡಬೇಕಿತ್ತು. ಹ್ಯಾಕ್ಸಾ ಬ್ಲೇಡಿನ ಒಂದು ತುದಿಗೆ ದಪ್ಪ ಬಟ್ಟೆ ಸುತ್ತಿ, ಬ್ಲೇಡಿನ ಬೆನ್ನು ಬಟ್ಟಲಿನ ಕಡೆಗಿರುವಂತೆ ಹಿಡಿದು, ಸಿಮೆಂಟನ್ನು ಸ್ವಲ್ಪ ಸ್ವಲ್ಪವಾಗಿ ಕೊಯ್ದೆ. ಪುಡಿ ಮುಖದ ಮೇಲೆಯೇ ಬೀಳುತ್ತಿದ್ದುದರಿಂದ ನಾಲ್ಕು ನಿಮಿಷಕ್ಕೊಮ್ಮೆ ಎದ್ದು ಕೂರಬೇಕಾಯಿತು. ಈ ಒಂದಡಿಗೆ ಮಧ್ಯಾಹ್ನವೆಲ್ಲ ಹಿಡಿಯಿತು.

ಕೊನೆಗೆ ಕಪಾಟಿನ ತಳದಲ್ಲಿ ಹಲಗೆ ಹಾಕಿ, ಕಾರಿನ ಜಾಕ್ ಇಟ್ಟು, ಅದರ ಮೇಲೆ ಎರಡು ಮರದ ತುಂಡುಗಳನ್ನು, ಅವುಗಳ ಮೇಲೆ ಮಡಚಿದ ಗೋಣಿಚೀಲವನ್ನು ಇಟ್ಟೆ. ಭಾರ ನಡುವಿನ ವೇಸ್ಟ್ ರಂಧ್ರದ ಮೇಲೆ ಬೀಳದೆ ಬಟ್ಟಲಿನ ತಳದ ಎರಡೂ ಬದಿಗೆ ಹಂಚಿಹೋಗಲಿ ಎಂಬುದು ಉದ್ದೇಶ. ಜಾಕನ್ನು ಕಾಲು ಸುತ್ತು ತಿರುಗಿಸಿ ಐದು ನಿಮಿಷ ಬಿಡುವುದು, ಮತ್ತೆ ಕಾಲು ಸುತ್ತು. ಮೇಲೆ ನನ್ನ ತಮ್ಮ ಎರಡೂ ಅಂಚುಗಳನ್ನು ಹಿಡಿದು ನಿಂತಿದ್ದ. ನಾಲ್ಕನೆಯ ಸಲ ಹಿಂಬದಿಯಲ್ಲಿ "ಚಟ್" ಎಂದು ಸದ್ದಾಯಿತು. ಬಿರುಕು ಬಿಟ್ಟಿತೆಂದು ನನ್ನ ಎದೆ ಝಲ್ಲೆಂದಿತು, ಆದರೆ "ಬಂತು ಅಣ್ಣ, ಎದ್ದಿದೆ" ಎಂದ ತಮ್ಮ.

ಹೊಸ ಸಿಲಿಕಾನ್ ಹಳೆಯ ಸಿಲಿಕಾನಿಗೆ ಅಂಟುವುದಿಲ್ಲ. ಆದ್ದರಿಂದ ಕಲ್ಲನ್ನೂ ತುಟಿಯ ಅಡಿಯನ್ನೂ ಬ್ಲೇಡಿನಿಂದ ಪೂರ್ತಿ ಕೆರೆದು ಸ್ಪಿರಿಟ್ಟಿನಿಂದ ಒರೆಸಿದೆ. ಸಿಮೆಂಟಿನ ಕಲೆಗೆ ಆ್ಯಸಿಡ್ ಹಾಕಲಿಲ್ಲ, ಅದು ಕಲ್ಲಿನ ಹೊಳಪನ್ನೂ ನಲ್ಲಿಯ ಕ್ರೋಮನ್ನೂ ಕೆಡಿಸುತ್ತದೆ. ಮರಳಿ ಕೂರಿಸುವಾಗ, ತುಟಿಯ ಅಡಿಯನ್ನೆಲ್ಲ ತುಂಬದೆ ಹೊರ ಅಂಚಿನಲ್ಲಿ ಒಂದೇ ಎಳೆ ಸಿಲಿಕಾನ್ ಎಳೆದು, 24 ಗಂಟೆ ನೀರು ಸೋಕಿಸಲಿಲ್ಲ. ಹಿಂಬದಿಯ ಸಂದಿಗೆ ಏನನ್ನೂ ತುಂಬಲಿಲ್ಲ. ಮುಂದೆ ಯಾರಾದರೂ ಇದನ್ನು ತೆಗೆಯಬೇಕಾಗಿ ಬಂದರೆ ಅವರಿಗೆ ತಂತಿಯೊಂದೇ ಸಾಕಾಗುತ್ತದೆ.