ಹಳೆ ಮಿನಿವ್ಯಾನ್: ರಿಪೇರಿ ಖರ್ಚನ್ನು ಕೊಳ್ಳುವ ಮೊದಲೇ ಅಳೆಯುವುದು ಹೇಗೆ?

ಹಳೆ ಮಿನಿವ್ಯಾನ್ ನೋಡಲು ಹೋದವರ ಕಣ್ಣು ಮೊದಲು ಕಿಲೋಮೀಟರ್ ಮೇಲೆ, ಆಮೇಲೆ ಸೀಟು, ಬಣ್ಣದ ಮೇಲೆ. ಆದರೆ ಮುಂದೆ ಜೇಬಿಗೆ ಕತ್ತರಿ ಹಾಕುವುದು ಬೇರೆಯೇ. ಕೆಟ್ಟ ಭಾಗ ಎಲ್ಲಿ ಕೂತಿದೆ, ಅದನ್ನು ಮುಟ್ಟಲು ಏನೇನು ಬಿಚ್ಚಬೇಕು ಎಂಬುದರ ಮೇಲೆ ಬಿಲ್ ನಿಂತಿರುತ್ತದೆ. ಮಿನಿವ್ಯಾನ್‌ನ ಮೂತಿ ಗಿಡ್ಡ. ಅದರೊಳಗೆ ಎಂಜಿನ್ ಅಡ್ಡಡ್ಡ ಕೂತಿರುತ್ತದೆ. ಹಾಗಾಗಿ ಸಾಮಾನು ಅಗ್ಗವಿದ್ದರೂ ಕೂಲಿ ಜಾಸ್ತಿ.

ವಿ6 ಎಂಜಿನ್ನನ್ನೇ ನೋಡಿ, ಅಂದರೆ ಆರು ಸಿಲಿಂಡರ್ ಮೂರು ಮೂರರಂತೆ ಎರಡು ಸಾಲಲ್ಲಿರುವ ಎಂಜಿನ್. 3 ಸ್ಪಾರ್ಕ್ ಪ್ಲಗ್ ಮುಂದೆ, 3 ಹಿಂದೆ, ಡ್ಯಾಶ್‌ಬೋರ್ಡಿನ ಕಡೆ. ಮುಂದಿನವು ಕೈಗೆ ಸಿಗುತ್ತವೆ. ಹಿಂದಿನವನ್ನು ತೆಗೆಯಲು ಎಷ್ಟೋ ಮಾಡೆಲ್‌ಗಳಲ್ಲಿ ಮೇಲಿನ ಇನ್‌ಟೇಕ್ ಮ್ಯಾನಿಫೋಲ್ಡ್ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಭಾಗ) ಎತ್ತಿಡಬೇಕು. ವಾಲ್ವ್ ಕವರ್ ಗ್ಯಾಸ್ಕೆಟ್ (ಎಂಜಿನ್ ಮೇಲ್ಮುಚ್ಚಳದ ಸೀಲ್) ಹಳತಾಗಿ ಆಯಿಲ್ ಒಸರುವುದೂ ಅಲ್ಲೇ. ಒಮ್ಮೆ ಬಿಚ್ಚಿದ ಮೇಲೆ ಎರಡನ್ನೂ ಮುಗಿಸಿದರೆ ಕೂಲಿ ಒಂದೇ ಸಲ. ಬೇರೆ ಬೇರೆ ತಿಂಗಳಲ್ಲಿ ಮಾಡಿಸಿದರೆ ಸುಮ್ನೆ ಎರಡು ಸಲ.

1. ಎಂಜಿನ್ ತಣ್ಣಗಿರುವಾಗ ಹೋಗಿ

ನಾನು ಬರುವ ಮೊದಲು ಸ್ಟಾರ್ಟ್ ಮಾಡಬೇಡಿ ಎಂದು ಮಾರುವವರಿಗೆ ಹೇಳಿರಿ. ಹೋದಾಗ ಬಾನೆಟ್ ಬಿಸಿಯಿದ್ದರೆ ಸ್ವಲ್ಪ ಅನುಮಾನ ಪಡಬೇಕಾದದ್ದೇ. ಎಂಜಿನ್ನನ್ನು ತಂಪಿಡುವ ದ್ರವದ, ಅಂದರೆ ಕೂಲೆಂಟ್‌ನ ಮಟ್ಟ ನೋಡಿ. ರೇಡಿಯೇಟರ್ ಮುಚ್ಚಳವನ್ನು ಬಿಸಿಯಿರುವಾಗ ಮಾತ್ರ ಮುಟ್ಟಲೇಬೇಡಿ. ಆಯಿಲ್ ಮುಚ್ಚಳದ ಒಳಗೆ ಕೆನೆಯಂತಹ ಬಿಳಿ ಪಸೆ ಇದ್ದರೆ ತಕ್ಷಣ ಗಾಬರಿ ಬೇಡ. ಬರೀ ಹತ್ತಿರಹತ್ತಿರ ಓಡಾಡುವ ಗಾಡಿಯಲ್ಲಿ ತೇವದಿಂದಲೂ ಹಾಗಾಗುತ್ತದೆ. ಆದರೆ ಪಸೆಯ ಜೊತೆ ಕೂಲೆಂಟೂ ಕಡಿಮೆಯಿದ್ದು, ಎಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಬ್ಲಾಕ್, ಹೆಡ್ ನಡುವಿನ ಸೀಲ್) ಹೋಗಿರುವ ಸಾಧ್ಯತೆ ಹೆಚ್ಚು. ಅಂಥ ಗಾಡಿಗೆ ಕೈ ಮುಗಿದು ಬನ್ನಿ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ ಎಂದರ್ಥ.

2. ಸ್ಕ್ಯಾನರ್ ಹಾಕಿ, ಕೋಡ್ ಇಲ್ಲದಿದ್ದರೂ ಪೂರ್ತಿ ನಂಬಬೇಡಿ

ಮೊದಲು ಕೀ ತಿರುಗಿಸಿ, ಸ್ಟಾರ್ಟ್ ಮಾಡದೆ ಚೆಕ್ ಎಂಜಿನ್ ದೀಪ ನೋಡಿ. ಅದು ಹತ್ತಲೇ ಇಲ್ಲವೆಂದರೆ ಏನೋ ಕಿತಾಪತಿ ಇದೆ. ಆಮೇಲೆ ಸ್ಟಿಯರಿಂಗ್ ಕೆಳಗಿನ ಓಬಿಡಿ ಸಾಕೆಟ್ಟಿಗೆ (ಗಾಡಿಯ ಕಂಪ್ಯೂಟರ್ ದಾಖಲಿಸಿದ ದೋಷಗಳನ್ನು ಓದುವ ಜಾಗ) ಸ್ಕ್ಯಾನರ್ ಸಿಕ್ಕಿಸಿ. ಸಾದಾ ಸ್ಕ್ಯಾನರ್ ಸಾಕು. ದೋಷ ಸೂಚಿಸುವ ಕೋಡ್ ಒಂದೂ ಇಲ್ಲದಿದ್ದರೂ ‘ರೆಡಿನೆಸ್ ಮಾನಿಟರ್’ ಪುಟ ತೆರೆಯಿರಿ, ಗಾಡಿ ತನ್ನ ಸ್ವಯಂ ಪರೀಕ್ಷೆಗಳನ್ನು ಮುಗಿಸಿದೆಯೇ ಎಂದು ಅದು ಹೇಳುತ್ತದೆ. ಹಲವು ಮಾನಿಟರ್‌ಗಳು ‘ನಾಟ್ ರೆಡಿ’ ಎಂದು ತೋರಿಸಿದರೆ ಕೋಡ್‌ಗಳನ್ನು ಇತ್ತೀಚೆಗೆ ಅಳಿಸಿರಬಹುದು, ಇಲ್ಲವೇ ಬ್ಯಾಟರಿ ಬಿಚ್ಚಿರಬಹುದು. ನೀವು ಕೆಲವು ದಿನ ಗಾಡಿ ಓಡಿಸಿದ ಮೇಲೆ ಮತ್ತೆ ಬಂದು ನೋಡುತ್ತೇನೆ ಎನ್ನಿ. ಆಗ ಮಾರುವವರ ಮುಖ ನೋಡಿದರೆ ಅರ್ಧ ಉತ್ತರ ಸಿಗುತ್ತದೆ.

ಹಳೆ ಗಾಡಿಗಳಲ್ಲಿ ಪಿ0420 ಕೋಡ್ ಸಾಮಾನ್ಯ. ಹೊಗೆಯನ್ನು ಶುದ್ಧಿಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂದು ಅದು ಹೇಳುತ್ತದೆ. ಕನ್ವರ್ಟರ್ ದುಬಾರಿ, ಒಳಗೆ ಬೆಲೆಬಾಳುವ ಲೋಹಗಳಿರುತ್ತವೆ. ಆದರೆ ಎಕ್ಸಾಸ್ಟ್ ಸೋರಿಕೆ, ಆಕ್ಸಿಜನ್ ಸೆನ್ಸರ್, ಮಿಸ್‌ಫೈರ್ (ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯದಿರುವುದು) ಇವನ್ನು ಪರೀಕ್ಷಿಸುವ ಮೊದಲೇ ಅದನ್ನು ಬದಲಾಯಿಸಿ ಎನ್ನುವ ಮೆಕ್ಯಾನಿಕ್ಕನ್ನು ಬದಲಾಯಿಸುವುದೇ ಮೇಲು.

3. ಓಡಿಸಿ, ರೇಡಿಯೋ ಆಫ್ ಮಾಡಿ

ಮಿನಿವ್ಯಾನ್‌ನಲ್ಲಿ ಹೆಚ್ಚು ಭಯಪಡಬೇಕಾದದ್ದು ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ. ತುಂಬಿದ ಗಾಡಿ, ಏರುದಾರಿ, ವರ್ಷಗಟ್ಟಲೆ ಬದಲಾಯಿಸದ ಆಯಿಲ್, ಎಲ್ಲ ಸೇರಿ ಅದನ್ನು ಸುಡುತ್ತವೆ. ಬ್ರೇಕ್ ಒತ್ತಿಕೊಂಡು ಡಿ (ಮುಂದಕ್ಕೆ), ಆರ್ (ಹಿಂದಕ್ಕೆ) ಹಾಕಿ ನೋಡಿ. ತಡವಾಗಿ ಧಡ್ ಎಂದು ಹಿಡಿಯುತ್ತದೆಯೇ? ಓಡುವಾಗ ಆರ್‌ಪಿಎಂ ಏರಿದರೂ ವೇಗ ಏರುತ್ತಿಲ್ಲವೇ? ಡಿಪ್‌ಸ್ಟಿಕ್ (ಆಯಿಲ್ ಅಳೆಯುವ ಕಡ್ಡಿ) ಗೇರ್‌ಬಾಕ್ಸಿಗೆ ಇದ್ದರೆ ಅದರ ಆಯಿಲ್ ಮೂಸಿ ನೋಡಿ. ಸುಟ್ಟ ವಾಸನೆ, ಕಪ್ಪು ಬಣ್ಣ ಎರಡೂ ಇದ್ದರೆ ಅದು ಗೇರ್‌ಬಾಕ್ಸ್ ಬಿಚ್ಚಿ ಕಟ್ಟುವ ಖರ್ಚು. ಹಳೆ ವ್ಯಾನಿನಲ್ಲಿ ಆ ಖರ್ಚು ಗಾಡಿಯ ಬೆಲೆಯನ್ನೇ ಮುಟ್ಟಬಹುದು.

ಉಳಿದ ಸದ್ದುಗಳು ಅಷ್ಟು ಭಯಂಕರವಲ್ಲ. ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಹೋಗುವಾಗ ಟಕ್ ಟಕ್ ಎಂದರೆ ಚಕ್ರಕ್ಕೆ ಶಕ್ತಿ ಸಾಗಿಸುವ ಸಿವಿ ಜಾಯಿಂಟ್. ವೇಗ ಹೆಚ್ಚಿದಂತೆ ಗುಂಯ್ ಎಂದು, ತಿರುವಿನಲ್ಲಿ ಸದ್ದು ಬದಲಾದರೆ ವೀಲ್ ಬೇರಿಂಗ್. ಗುಂಡಿಯಲ್ಲಿ ಕಟಕಟ ಎಂದರೆ ಸಸ್ಪೆನ್ಷನ್ ಬುಷ್ಷು, ಲಿಂಕು. ಡಿ ಗೇರಿನಲ್ಲಿ ನಿಂತಾಗ ನಡುಗಿ, ನ್ಯೂಟ್ರಲ್ಲಿಗೆ ಬಂದಾಗ ನಡುಕ ಇಳಿದರೆ ಎಂಜಿನ್ನನ್ನು ಹಿಡಿದಿಡುವ ಮೌಂಟ್ ಸವೆದಿರಬಹುದು.

4. ಮಿನಿವ್ಯಾನ್‌ಗೇ ಮೀಸಲಾದ ಕಾಯಿಲೆಗಳು

ಹಿಂದಿನ ಸಾಲಿನ ಎಸಿ, ಹೀಟರ್ ಪೈಪುಗಳು ಅನೇಕ ವ್ಯಾನ್‌ಗಳಲ್ಲಿ ಗಾಡಿಯ ಹೊಟ್ಟೆಯಡಿ ಉದ್ದಕ್ಕೆ ಹೋಗಿರುತ್ತವೆ. ಕೆಸರು, ಉಪ್ಪು ತಾಗಿ ತೂತಾಗುತ್ತವೆ. ಎಸಿ ಪೈಪ್ ಸೋರಿದರೆ ತಂಪು ಹೋಗುತ್ತದೆ, ಅಷ್ಟೆ. ಹೀಟರ್ ಪೈಪ್ ಸೋರಿದರೆ ಕೂಲೆಂಟ್ ಖಾಲಿಯಾಗಿ ಎಂಜಿನ್ನೇ ವಿಪರೀತ ಬಿಸಿಯಾಗುತ್ತದೆ. ಟಾರ್ಚ್ ಹಿಡಿದು ಬಗ್ಗಿ ನೋಡಲೇಬೇಕು. ಜೊತೆಗೆ ತುಕ್ಕನ್ನೂ ನೋಡಿ. ಮೇಲ್ಮೈಯ ತುಕ್ಕು ಪರವಾಗಿಲ್ಲ, ಬೆರಳಿಗೆ ಉದುರುವ ಫ್ರೇಮ್ ಬೇಡ.

ಪವರ್ ಸ್ಲೈಡಿಂಗ್ ಡೋರನ್ನು ನಾಲ್ಕಾರು ಸಲ ತೆಗೆದು ಮುಚ್ಚಿ. ಅರ್ಧಕ್ಕೆ ನಿಂತರೆ ಟ್ರ್ಯಾಕ್‌ನಲ್ಲಿ ಕಸವಿರಬಹುದು, ರೋಲರ್ ಸವೆದಿರಬಹುದು, ಕೇಬಲ್ ಎಳೆ ಬಿಟ್ಟಿರಬಹುದು. ಮೊದಲನೆಯದಕ್ಕೆ ಬ್ರಷ್ ಸಾಕು, ಕೊನೆಯದಕ್ಕೆ ಎಷ್ಟೋ ಸಲ ಮೋಟಾರ್ ಸಮೇತ ಹಾಕಬೇಕು.

5. ಟೈಮಿಂಗ್ ಬೆಲ್ಟಿನ ಬಿಲ್ ಕೇಳಿ

ಕೆಲವು ಎಂಜಿನ್‌ಗಳಲ್ಲಿ ಚೈನ್, ಕೆಲವದರಲ್ಲಿ ಬೆಲ್ಟ್, ಪಿಸ್ಟನ್, ವಾಲ್ವ್‌ಗಳ ತಾಳ ತಪ್ಪದಂತೆ ನೋಡಿಕೊಳ್ಳುವುದು ಇವೇ. ಬೆಲ್ಟಾದರೆ ಸಾಮಾನ್ಯವಾಗಿ 1 ರಿಂದ 1.6 ಲಕ್ಷ ಕಿ.ಮೀ. ಒಳಗೆ ಬದಲಾಯಿಸಬೇಕು. ಕಡಿಮೆ ಓಡಿದ ಗಾಡಿಗೆ ವರ್ಷದ ಲೆಕ್ಕವೂ ಇದೆ, ಕೈಪಿಡಿ ನೋಡಿ. ಬೆಲ್ಟ್ ತುಂಡಾದರೆ ಅನೇಕ ಎಂಜಿನ್‌ಗಳಲ್ಲಿ ಪಿಸ್ಟನ್ ವಾಲ್ವಿಗೆ ಬಡಿಯುತ್ತದೆ, ಎಂಜಿನ್ ಮುಗಿದಂತೆ. ‘ಮಾಡಿಸಿದ್ದೇವೆ’ ಎಂಬ ಮಾತಿಗೆ ಬಿಲ್ ಇಲ್ಲದಿದ್ದರೆ ಮಾಡಿಸಿಲ್ಲ ಎಂದೇ ಲೆಕ್ಕ ಹಾಕಿ. ಬೆಲ್ಟೇ ವಾಟರ್ ಪಂಪನ್ನೂ ತಿರುಗಿಸುವ ಎಂಜಿನ್ ಆದರೆ ಪಂಪ್, ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರ್ ಜೊತೆಗೇ ಹಾಕಿಸಿ.

6. ಪಟ್ಟಿ ಮಾಡಿ, ಬೆಲೆ ಇಳಿಸಿ

ಸಿಕ್ಕಿದ ದೋಷಗಳನ್ನೆಲ್ಲ ಕಾಗದದಲ್ಲಿ ಬರೆದು, ಪ್ರತಿಯೊಂದಕ್ಕೂ ಸಾಮಾನು ಎಷ್ಟು, ಕೂಲಿ ಎಷ್ಟು ಎಂದು ಎರಡು ಗ್ಯಾರೇಜ್‌ಗಳಲ್ಲಿ ಬೇರೆ ಬೇರೆಯಾಗಿ ಕೇಳಿ. ಬ್ರೇಕ್, ಟೈರ್, ಸ್ಟಿಯರಿಂಗ್, ಕೂಲಿಂಗ್, ಟೈಮಿಂಗ್ ಬೆಲ್ಟ್ ತಕ್ಷಣದ ಕೆಲಸ. ಇವುಗಳ ಮೊತ್ತವನ್ನು ಮಾರುವವರು ಹೇಳಿದ ಬೆಲೆಯಿಂದ ಕಳೆದೇ ಚೌಕಾಸಿ ಶುರುಮಾಡಿ. ಸಣ್ಣಗೆ ಒಸರುವ ಆಯಿಲ್, ಸವೆದ ಮೌಂಟ್ ಸ್ವಲ್ಪ ಕಾಯಬಹುದು, ಆಯಿಲ್ ಮಟ್ಟ ಆಗಾಗ ನೋಡುತ್ತಿದ್ದರೆ ಸಾಕು. ಸ್ಲೈಡಿಂಗ್ ಡೋರಿನ ಮೋಟಾರ್ ಕೊನೆಗೆ. ಬಹಳ ಮಾಡೆಲ್‌ಗಳಲ್ಲಿ ಪವರ್ ಡೋರ್ ಆಫ್ ಮಾಡುವ ಸ್ವಿಚ್ ಇರುತ್ತದೆ. ಅದನ್ನು ಒತ್ತಿ ಬಾಗಿಲನ್ನು ಕೈಯಲ್ಲೇ ಎಳೆದುಕೊಳ್ಳಿ.