ಮಂಜಿನ ಫೋಟೋ ಬೂದಿ ಬಣ್ಣ ಆಗುತ್ತಿತ್ತು, ದುಡ್ಡಿಲ್ಲದೆ ಸರಿಮಾಡಿದ್ದು ಹೀಗೆ

ಕೊಡಗಿನ ಮಾಂದಲಪಟ್ಟಿ ಬೆಟ್ಟದಲ್ಲಿ ಬೆಳಿಗ್ಗೆ ತೆಗೆದ ಫೋಟೋಗಳೆಲ್ಲ ಬೂದಿ ಬಳಿದ ಹಾಗೆ ಬರುತ್ತಿದ್ದವು. ಬೆಟ್ಟದ ಹಸಿರು ಹುಡುಕಬೇಕಿತ್ತು.

ಜೆಪೆಗ್‌ನಲ್ಲೇ ಕಾಂಟ್ರಾಸ್ಟ್ ಎಳೆದರೆ ಆಕಾಶದಲ್ಲಿ ಪಟ್ಟೆ ಪಟ್ಟೆ. ಫೋನಿನ ಆ್ಯಪ್ ಮೂಲೆಯಲ್ಲಿ ತನ್ನ ಹೆಸರು ಒತ್ತುತ್ತಿತ್ತು. ತಿಂಗಳ ಬಾಡಿಗೆಯ ಸಾಫ್ಟ್‌ವೇರ್ ಕಲಿಯುವವರಿಗೆ ಜಾಸ್ತಿಯೇ. ಫೋಟೋ ತಿದ್ದುವ ಗಿಂಪ್ ಉಚಿತ, ಆದರೆ ರಾ ಫೈಲ್ (ಕ್ಯಾಮೆರಾ ಸೆರೆಹಿಡಿದದ್ದನ್ನು ಜೆಪೆಗ್ ಮಾಡದೆ ಹಾಗೇ ಉಳಿಸಿದ ಫೈಲ್) ತೆರೆಯಲು ಅದಕ್ಕೆ ಇನ್ನೊಂದು ಪ್ರೋಗ್ರಾಂ ಜೊತೆಗಿರಬೇಕು.

ಕೆಲಸ ಆಗಿದ್ದು ರಾ ಫೈಲ್ ತಿದ್ದುವ ಸಾಫ್ಟ್‌ವೇರ್ ರಾಥೆರಪಿಯಲ್ಲಿ (RawTherapee). ಅದೂ ಉಚಿತ. ಕ್ಯಾಮೆರಾದಲ್ಲಿ ರಾ ಆನ್ ಮಾಡಿ ತೆಗೆಯಿರಿ. ಫೈಲ್ ತೆರೆದು ಮೊದಲು ಪ್ರೊಫೈಲ್ (ತಿದ್ದುಪಡಿಗಳ ಸೆಟ್ಟಿಂಗ್) 'ನ್ಯೂಟ್ರಲ್' ಮಾಡಿ. ಆಮೇಲೆ ವೈಟ್ ಬ್ಯಾಲೆನ್ಸ್, ಅಂದರೆ ಬಣ್ಣದ ಛಾಯೆ ಸರಿಮಾಡುವುದು. ಮಂಜು ನೀಲಿಗೆ ತಿರುಗಿದ್ದರೆ ಟೆಂಪರೇಚರ್ ಸ್ವಲ್ಪ ಏರಿಸಿ. ನಂತರ ಡೀಟೇಲ್ ಟ್ಯಾಬ್, ಹೇಜ್ ರಿಮೂವಲ್ (ಮಂಜಿನ ಮಸುಕು ತೆಗೆಯುವುದು), ಸ್ಟ್ರೆಂತ್ 30. ಐವತ್ತು ಇಟ್ಟರೆ ಮಂಜೇ ಮಾಯ. ಮಂಜಿಲ್ಲದ ಮಾಂದಲಪಟ್ಟಿ ಯಾರಿಗೆ ಬೇಕು, ಅಲ್ವಾ? ಹೇಜ್ ತೆಗೆದರೆ ಫೋಟೋ ಕಪ್ಪಾಗುತ್ತದೆ. ಅದಕ್ಕೇ ಬೆಳಕು ಹೆಚ್ಚಿಸುವ ಎಕ್ಸ್‌ಪೋಶರ್ ಕಾಂಪೆನ್ಸೇಶನ್ ಕೊನೆಗೆ, ನನಗೆ +0.4 ಸಾಕಾಯಿತು. ಈ ಕ್ರಮ ತಪ್ಪಿದರೆ ಸುಮ್ನೆ ಎರಡೆರಡು ಸಲ ತಿದ್ದಬೇಕು.

ಶಾರ್ಪನಿಂಗ್ (ಅಂಚು ಚುರುಕಾಗಿಸುವುದು), ನಾಯ್ಸ್ ರಿಡಕ್ಷನ್ (ಕಾಳು ಕಾಳು ಕಡಿಮೆ ಮಾಡುವುದು) ನೋಡುವಾಗ 100% ಜೂಮ್ ಇರಲಿ. ಬದಲಾವಣೆಗಳೆಲ್ಲ ಪಿಪಿ3 ಎಂಬ ಬೇರೆ ಫೈಲಿಗೆ ಹೋಗುತ್ತವೆ, ಮೂಲ ಫೋಟೋ ಹಾಗೇ ಇರುತ್ತದೆ. ಅದೇ ಬೆಳಕಿನ ಉಳಿದ ಫೋಟೋಗಳಿಗೆ ಪ್ರೊಫೈಲ್ ಕಾಪಿ ಮಾಡಿ ಪೇಸ್ಟ್ ಮಾಡಿ.