ಲಿಬರ್ಟಿ ಪ್ರತಿಮೆ, ಎಲ್ಲಿಸ್ ದ್ವೀಪ: ಊರಿಂದ ಬಂದ ಅಪ್ಪ-ಅಮ್ಮನ ಜೊತೆ ಹೊರಡುವ ಮುನ್ನ

ನ್ಯೂಯಾರ್ಕ್‌ನ ಲಿಬರ್ಟಿ ಪ್ರತಿಮೆ, ಹಿಂದೆ ವಲಸಿಗರ ತಪಾಸಣೆ ನಡೆಯುತ್ತಿದ್ದ ಎಲ್ಲಿಸ್ ದ್ವೀಪ ಎರಡನ್ನೂ ನೋಡುವ ಈ ಪ್ರವಾಸ ಕೆಡುವುದು ಹೆಚ್ಚಾಗಿ ತಡವಾಗಿ ಹೊರಡುವುದರಿಂದ. ಮಧ್ಯಾಹ್ನದ ಫೆರಿ ಹತ್ತಿದವರಿಗೆ ಪ್ರತಿಮೆ ನೋಡುವಷ್ಟರಲ್ಲೇ ಹೊತ್ತು ಮುಗಿದು, ಎಲ್ಲಿಸ್ ದ್ವೀಪ ತಪ್ಪಿಹೋಗುತ್ತದೆ. ನಮ್ಮ ಪ್ರಕಾರ ಹೆಚ್ಚು ಸಮಯ ಇಡಬೇಕಾದದ್ದು ಅದಕ್ಕೇ. ಬೆಳಗ್ಗೆ 9ರ ಆಸುಪಾಸಿನ ಮೊದಲ ಫೆರಿಗೆ ಬುಕ್ ಮಾಡಿ.

ಪ್ರವಾಸಿಗರನ್ನು ದ್ವೀಪದಲ್ಲಿ ಇಳಿಸುವ ಅಧಿಕೃತ ಫೆರಿ ಸ್ಟ್ಯಾಚ್ಯೂ ಸಿಟಿ ಕ್ರೂಸಸ್‌ನದು ಮಾತ್ರ. ದೊಡ್ಡವರಿಗೆ ಸುಮಾರು 25 ಡಾಲರ್, 62 ದಾಟಿದವರಿಗೆ ರಿಯಾಯಿತಿ, 4 ವರ್ಷದೊಳಗಿನ ಮಕ್ಕಳಿಗೆ ಉಚಿತ. ಎರಡೂ ದ್ವೀಪ, ಎರಡೂ ಮ್ಯೂಸಿಯಂ, ಆಡಿಯೋ ಗೈಡ್ ಇದರಲ್ಲೇ ಸೇರಿವೆ. ದುಡ್ಡು ತೆಗೆದುಕೊಳ್ಳುವುದು ಫೆರಿಗೆ, ಪ್ರವೇಶಕ್ಕಲ್ಲ. ಹಾಗಾಗಿ ನ್ಯಾಷನಲ್ ಪಾರ್ಕ್ ಪಾಸ್ ಇದ್ದರೂ ಟಿಕೆಟ್ ಕೊಳ್ಳಲೇಬೇಕು. ಮ್ಯಾನ್‌ಹ್ಯಾಟನ್‌ನಲ್ಲಿ ಫೆರಿ ಹೊರಡುವ ಬ್ಯಾಟರಿ ಪಾರ್ಕ್ ಸುತ್ತ ರಸ್ತೆಯಲ್ಲಿ ತಡೆದು ಟಿಕೆಟ್ ಮಾರುವವರ ದೋಣಿಗಳು ಪ್ರತಿಮೆಯ ಪಕ್ಕದಿಂದ ಸುತ್ತಿಸಿ ತರುತ್ತವೆಯೇ ಹೊರತು ಇಳಿಸುವುದಿಲ್ಲ. ಆನ್‌ಲೈನ್‌ನಲ್ಲಿ ಮೊದಲೇ ಕೊಂಡಿದ್ದರೆ ಅವರ ಮಾತಿಗೆ ನಿಲ್ಲಬೇಕಾಗಿಲ್ಲ.

ಟಿಕೆಟ್‌ನಲ್ಲಿರುವ ಸಮಯ ಸೆಕ್ಯುರಿಟಿ ಸಾಲಿಗೆ ಸೇರುವ ಸಮಯ, ದೋಣಿ ಬಿಡುವುದಲ್ಲ. ತಪಾಸಣೆ ವಿಮಾನ ನಿಲ್ದಾಣದ ಥರವೇ.

ನ್ಯೂಜೆರ್ಸಿಯ ಎಡಿಸನ್, ಜೆರ್ಸಿ ಸಿಟಿ ಕಡೆಯವರು ಮ್ಯಾನ್‌ಹ್ಯಾಟನ್‌ಗೆ ಹೋಗಬೇಡಿ. ಅಲ್ಲಿನ ಲಿಬರ್ಟಿ ಸ್ಟೇಟ್ ಪಾರ್ಕಿನಿಂದಲೂ ಫೆರಿ ಇದೆ, ಕಾರು ನಿಲ್ಲಿಸಲು ಜಾಗವಿದೆ. ಅಲ್ಲಿಂದ ಹೊರಟರೆ ಮೊದಲು ಎಲ್ಲಿಸ್, ಆಮೇಲೆ ಪ್ರತಿಮೆ. ಮ್ಯಾನ್‌ಹ್ಯಾಟನ್‌ನಿಂದಾದರೆ ಇದರ ತಿರುವುಮುರುವು. ಹಿಂತಿರುಗುವಾಗ ಬೋರ್ಡ್ ಓದಿ ಹತ್ತಿ. ನ್ಯೂಯಾರ್ಕ್, ನ್ಯೂಜೆರ್ಸಿ ದೋಣಿಗಳು ಬೇರೆ ಬೇರೆ. ಅವಸರದಲ್ಲಿ ತಪ್ಪಿ ಹತ್ತಿದರೆ ಕಾರು ನದಿಯ ಆಚೆ ದಡದಲ್ಲಿರುತ್ತದೆ.

ಪ್ರತಿಮೆಯ ಕಿರೀಟದವರೆಗೆ ಹತ್ತುವ ಟಿಕೆಟ್ ಬೇಸಿಗೆಗಾದರೆ ತಿಂಗಳುಗಟ್ಟಲೆ ಮುಂಚೆಯೇ ಮುಗಿಯುತ್ತದೆ. ಪೀಠದ ತುದಿಯಿಂದ ಅಲ್ಲಿಗೆ 162 ಮೆಟ್ಟಿಲು, ಲಿಫ್ಟ್ ಇಲ್ಲ. ಸುರುಳಿ ಏಣಿ ಕಿರಿದು, ಬೇಸಿಗೆಯಲ್ಲಿ ಒಳಗೆ ಧಗೆ. ಮಂಡಿನೋವಿದ್ದವರಿಗೆ ಇದು ಬೇಡವೇ ಬೇಡ. ಅವರಿಗೆ ಲಿಫ್ಟ್ ಇರುವ ಪೀಠದ ಟಿಕೆಟ್ ಸಾಕು. ಕಿರೀಟದ ಟಿಕೆಟ್‌ನಲ್ಲಿರುವ ಹೆಸರು ಗುರುತಿನ ಚೀಟಿಯ ಹೆಸರಿಗೆ ಹೊಂದಬೇಕು. ಇನಿಷಿಯಲ್ ಇಟ್ಟುಕೊಳ್ಳುವ ನಮ್ಮವರ ಹೆಸರು ಪಾಸ್‌ಪೋರ್ಟಿನಲ್ಲಿ ಬಿಡಿಸಿ ಬರೆದಿರುತ್ತದೆ, ಊರಿನ ಹೆಸರೇ ಸರ್‌ನೇಮ್ ಆಗಿರುವುದೂ ಉಂಟು. ಬುಕ್ ಮಾಡುವಾಗ ಪಾಸ್‌ಪೋರ್ಟ್ ಮುಂದಿಟ್ಟುಕೊಂಡು ಅದರಲ್ಲಿದ್ದಂತೆಯೇ ಟೈಪ್ ಮಾಡಿ. ಚೀಲಗಳನ್ನು ಒಳಗೆ ಬಿಡುವುದಿಲ್ಲ, ಲಾಕರ್‌ನಲ್ಲಿಡಬೇಕು.

ಚಿತ್ರಾನ್ನ, ಚಪಾತಿ ಕಟ್ಟಿಕೊಂಡು ಹೋಗಬಹುದು. ಮರದ ನೆರಳಲ್ಲಿ ಕೂತು ತಿನ್ನಿ. ಪ್ರತಿಮೆಯೊಳಗೆ ಮಾತ್ರ ಆಹಾರ ನಿಷಿದ್ಧ. ದೊಡ್ಡ ಕೂಲರ್ ತರಬೇಡಿ.

ಪ್ರತಿಮೆಯ ಹಳೆಯ ಪಂಜು ಇದೇ ದ್ವೀಪದಲ್ಲಿ 2019ರಲ್ಲಿ ತೆರೆದ ಮ್ಯೂಸಿಯಂನಲ್ಲಿದೆ, ಟಿಕೆಟ್ ಬೇರೆ ಬೇಡ. ಅಪ್ಪ-ಅಮ್ಮನಿಗೆ ಇದೊಂದನ್ನು ತಪ್ಪದೆ ಹೇಳಿ: ಅಮೆರಿಕದ 1917ರ ಕಾನೂನು ಭಾರತೀಯರ ವಲಸೆಗೆ ಬಾಗಿಲು ಹಾಕಿತ್ತು, 1946ರಲ್ಲಿ ವರ್ಷಕ್ಕೆ ಬರೀ 100 ಜನರ ಕೋಟಾ ಸಿಕ್ಕಿತು. ಆ ಕೋಟಾ ಪದ್ಧತಿಯನ್ನೇ ತೆಗೆದುಹಾಕಿದ ಕಾನೂನಿಗೆ ಅಧ್ಯಕ್ಷ ಜಾನ್ಸನ್ 1965ರ ಅಕ್ಟೋಬರ್ 3ರಂದು ಸಹಿ ಹಾಕಿದ್ದು ಇದೇ ಪ್ರತಿಮೆಯ ಬುಡದಲ್ಲಿ. ಇಂದು ಇಲ್ಲಿ ಕನ್ನಡ ಸಂಘಗಳು ಇಷ್ಟೊಂದಿರುವುದಕ್ಕೆ ದಾರಿಯಾದದ್ದು ಆ ಸಹಿ.

ಎಲ್ಲಿಸ್‌ಗೆ ಕನಿಷ್ಠ ಎರಡು ಗಂಟೆ ಇಡಿ. 1892ರಿಂದ 1954ರವರೆಗೆ ಸುಮಾರು 1.2 ಕೋಟಿ ವಲಸಿಗರು ಇಲ್ಲಿಂದ ಅಮೆರಿಕದೊಳಗೆ ಬಂದರು. ವಲಸಿಗರು ಬೆಂಚುಗಳ ಮೇಲೆ ಕೂತು ವಿಚಾರಣೆಗೆ ಕಾಯುತ್ತಿದ್ದ ಎರಡನೇ ಅಂತಸ್ತಿನ ರಿಜಿಸ್ಟ್ರಿ ರೂಮಿಗೆ ನೇರವಾಗಿ ಹತ್ತಿ. ಮೆಟ್ಟಿಲು ಹತ್ತುವವರ ಏದುಸಿರು, ಕುಂಟು ನೋಡಿಯೇ ವೈದ್ಯರು ಅಂಗಿಯ ಮೇಲೆ ಸೀಮೆಸುಣ್ಣದ ಗುರುತು ಹಾಕುತ್ತಿದ್ದರು. ಹೃದಯದ ತೊಂದರೆಗೆ 'ಎಚ್', ಕುಂಟಿಗೆ 'ಎಲ್'. ಗುಂಡಿ ಹಾಕುವ ಕೊಕ್ಕೆಯಿಂದ ಕಣ್ಣಿನ ರೆಪ್ಪೆ ಮಗುಚಿ ಟ್ರಕೋಮಾ ಎಂಬ ಅಂಟು ಕಣ್ಣಿನ ರೋಗವನ್ನು ಹುಡುಕುತ್ತಿದ್ದರು. ಈ ಪಾಡೆಲ್ಲ ಕೆಳದರ್ಜೆಯ ಪ್ರಯಾಣಿಕರಿಗೆ. ಮೊದಲ, ಎರಡನೇ ದರ್ಜೆಯವರ ತಪಾಸಣೆ ಹಡಗಿನಲ್ಲೇ ಮುಗಿಯುತ್ತಿತ್ತು. ವೀಸಾ ಇಂಟರ್‌ವ್ಯೂಗೆ ನಿಂತು ಬಂದ ಯಾರಿಗಾದರೂ ಆ ಬೆಂಚುಗಳ ಮೇಲೆ ಕೂತು ಹತ್ತು ನಿಮಿಷ ಕಳೆಯಬೇಕೆನಿಸುತ್ತದೆ. ಆದರೆ ಕೊನೆಯ ಫೆರಿ ಎಷ್ಟು ಹೊತ್ತಿಗೆಂದು ಇಳಿದ ಕೂಡಲೇ ಧಕ್ಕೆಯಲ್ಲಿ ಕೇಳಿಟ್ಟುಕೊಳ್ಳಿ, ಅದು ಋತುವಿಗೆ ತಕ್ಕಂತೆ ಬದಲಾಗುತ್ತದೆ.